ಇಪ್ಪತ್ತು ಗುಂಟೆಗೆ ಬೇಲಿ

ಪುಣೆಯಲ್ಲಿ ಸಂಸಾರ ಹೂಡಿದವರಿಗೆ ಬೇಲಿಯ ಚಿಂತೆ ಬರುವುದು ಅಪರೂಪ. ಮೂರನೆಯ ಮಹಡಿಯ ಎರಡು ಕೋಣೆಗೆ ಬೇಲಿ ಯಾತಕ್ಕೆ? ಬಾಗಿಲಿಗೊಂದು ಚಿಲಕ, ಕಿಟಕಿಗೆ ಪಾರಿವಾಳ ಬಾರದಂತೆ ಒಂದು ಜಾಲರಿ. ಇಷ್ಟಾದರೆ ನಮ್ಮ ರಾಜ್ಯದ ಗಡಿರಕ್ಷಣೆ ಮುಗಿಯಿತು. ಆದರೂ ಹೋದ ವರ್ಷ ನಾವು ಬೇಲಿ ಹಾಕಿಸಿದೆವು. ಹಾಕಿಸಿದ ಎರಡು ತಿಂಗಳೊಳಗಾಗಿ ಅದನ್ನು ಎರಡು ಕಡೆ ನಾವೇ ಕತ್ತರಿಸಿದೆವು. ಊರಲ್ಲಿ ಹೊಲಮನೆ ಬಿಟ್ಟುಬಂದ ಸಂಘದ ಬಾಂಧವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಈ ಕಥೆಯಿಂದ ಏನಾದರೂ ಪ್ರಯೋಜನವಾದೀತೆಂದು ಇಲ್ಲಿ ಬರೆಯುತ್ತಿದ್ದೇವೆ.

ನಾವು ಎಂದರೆ ಗಂಡ, ಹೆಂಡತಿ ಮತ್ತು ಒಂಬತ್ತು ವರ್ಷದ ಮಗಳು. ನಮ್ಮಲ್ಲಿ ಒಬ್ಬರು ಸರಕಾರಿ ಕಚೇರಿಯಲ್ಲಿ ಗುಮಾಸ್ತೆ, ಬಿ.ಎ. ಪಾಸಾಗಿರುವುದು ಸೇವಾ ಪುಸ್ತಕದಲ್ಲಿ ನಮೂದಾಗಿದೆ. ಇನ್ನೊಬ್ಬರು ಸಾಸವಡದ ಮಗಳು. ಅವರ ತವರಿನವರು ಲಿಂಗಾಯತ ವಾಣಿಗರು; ನಾಲ್ಕು ತಲೆಮಾರಿನ ಹಿಂದೆ ಸೊಲ್ಲಾಪುರದ ಕಡೆಯಿಂದ ಬಂದು ಕಿರಾಣಿ ಅಂಗಡಿ ಇಟ್ಟವರು. ತಕ್ಕಡಿಯ ಮುಂದೆ ಮರಾಠಿ, ಒಲೆಯ ಮುಂದೆ ಕನ್ನಡ ಎಂಬುದು ಆ ಮನೆಯ ಪದ್ಧತಿ. ಮಾವನವರು ತೀರಿಕೊಂಡ ಮೇಲೆ ಜೇಜುರಿಯ ದಾರಿಯಲ್ಲಿದ್ದ 20 ಗುಂಟೆ ಹೊಲ ಒಬ್ಬಳೇ ಮಗಳ ಹೆಸರಿಗೆ ಬಂತು.

ಆ ಹೊಲಕ್ಕೆ ಹೋಗುವುದೇ ನಮಗೊಂದು ಪ್ರವಾಸ. ಹಡಪಸರ ದಾಟಿದರೆ ಕಟ್ಟಡಗಳು ತೆಳುವಾಗುತ್ತವೆ. ದಿವೆ ಘಾಟಿನ ಬುಡದಲ್ಲಿ ಮಸ್ತಾನಿಯ ಕೆರೆ. ಆಷಾಢದಲ್ಲಿ ಜ್ಞಾನೇಶ್ವರರ ಪಾಲಖಿ ಏರುವುದು ಇದೇ ಘಾಟನ್ನು. ಬಸ್ಸು ಏದುಸಿರು ಬಿಡುತ್ತ ಮೇಲೆ ಹತ್ತಿತೆಂದರೆ ಗಾಳಿ ಬದಲಾಗುತ್ತದೆ. ಬಲಕ್ಕೆ ದೂರದಲ್ಲಿ ಪುರಂದರದ ಕೋಟೆ; 1665ರಲ್ಲಿ ಶಿವಾಜಿ ಮಹಾರಾಜರಿಗೂ ಮಿರ್ಜಾ ರಾಜಾ ಜಯಸಿಂಗನಿಗೂ ಒಪ್ಪಂದವಾದದ್ದು ಆ ಕೋಟೆಯ ಹೆಸರಿನಲ್ಲಿಯೇ. ಪುರಂದರ ತಾಲೂಕು ಮಳೆಯ ನೆರಳಿನ ಸೀಮೆ. ನಮ್ಮ ವಿಜಾಪುರ, ಬಾಗಲಕೋಟೆಗಳನ್ನು ನೆನಪಿಸುವ ಬೋಳು ಗುಡ್ಡಗಳು, ಸಜ್ಜೆ, ಜೋಳ, ಸೀತಾಫಲ. ಇಲ್ಲಿಯ ಅಂಜೂರಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಈ ನೆಲದಲ್ಲಿ ಇಳಿದಾಗ ‘ನಾವು ಪರಸ್ಥಳದವರು’ ಎಂಬ ಭಾವನೆ ಅರ್ಧ ಕಡಿಮೆಯಾಗುತ್ತದೆ.

ಹೊಲಕ್ಕೆ ಹತ್ತಿದವರು ಆಬಾ. ಊರೆಲ್ಲ ಹಾಗೆಯೇ ಕರೆಯುವುದರಿಂದ ನಾವೂ ಹಾಗೆಯೇ ಕರೆಯುತ್ತೇವೆ. ವಯಸ್ಸು ಎಪ್ಪತ್ತು ದಾಟಿದೆ. ಮಾವನವರು ಅಂಗಡಿ ಬಿಟ್ಟು ಏಳುತ್ತಿರಲಿಲ್ಲವಾದ್ದರಿಂದ ಹೊಲದ ಮೇಲೆ ಕಣ್ಣಿಟ್ಟಿದ್ದವರು ಇವರೇ. ಮಾವನವರು ಬಾಂದಿನ ಹತ್ತಿರ ಮೂರು ಸೀತಾಫಲದ ಸಸಿ ನೆಟ್ಟಿದ್ದರು. ಅವು ಮರವಾಗಿ, ಪ್ರತಿವರ್ಷ ನಾವು ಚೀಲ ತುಂಬಿಕೊಂಡು ಪುಣೆಗೆ ತರುತ್ತಿದ್ದೆವು.

ಹೀಗಿರುವಾಗ ತಾಲೂಕಿಗೆ ವಿಮಾನ ನಿಲ್ದಾಣ ಬರುವುದೆಂಬ ಮಾತು ಎದ್ದಿತು. ವಿಮಾನ ಬರುವ ಮೊದಲು ಜಮೀನಿನ ಬೆಲೆ ಹಾರಿತು. ಕಚೇರಿಯಲ್ಲಿ ಚಹಾ ಕುಡಿಯುವಾಗ ಒಬ್ಬರು, “ಹೊಲ ಬಯಲಾಗಿ ಬಿಟ್ಟಿದ್ದೀರಾ? ಹತ್ತಿದವರು ವರ್ಷಕ್ಕೊಂದು ಸಾಲು ಒಳಗೆ ಉಳುತ್ತಾರೆ. ಹತ್ತು ವರ್ಷಕ್ಕೆ ಹತ್ತು ಸಾಲು!” ಎಂದರು. ಇನ್ನೊಬ್ಬರು, “ಮೊದಲು ತಾರ್ ಕಂಪೌಂಡ್ ಮಾಡಿಸಿರಿ” ಎಂದರು. ಮುಂದಿನ ಭಾನುವಾರ ನಾವು ಹೊಲಕ್ಕೆ ಹೋದಾಗ ಆಬಾ ಎಂದಿನಂತೆ, “ಬರ್ರಿ ಜಾವಯಿಬಾಪೂ” ಎಂದು ಕರೆದರು. ಅಳಿಯದೇವರು ಎಂದು ಅದರ ಅರ್ಥ. ನಾವು ಎಂದಿನಂತೆ ನಗಲಿಲ್ಲ. ಕಣ್ಣು ಬಾಂದಿನ ಮೇಲೆ ಓಡಾಡಿತು. ಬಾಂದು ಸ್ವಲ್ಪ ನಮ್ಮ ಕಡೆಗೆ ಬಾಗಿದಂತೆ ತೋರಿತು. ಸಂಶಯದ ಕಣ್ಣಿಗೆ ನೆಟ್ಟಗಿರುವ ಬಾಂದು ಯಾವುದು?

ಬೇಲಿ ಹಾಕುವ ಮೊದಲು ಹದ್ದು ಗೊತ್ತಾಗಬೇಕು. ಮಹಾರಾಷ್ಟ್ರದಲ್ಲಿ ಹೊಲದ ಜಾತಕಕ್ಕೆ ‘ಸಾತಬಾರಾ’ ಎನ್ನುತ್ತಾರೆ. ಗ್ರಾಮದ ನಮೂನೆ 7 ಮತ್ತು 12 ಸೇರಿ ಆದದ್ದು. ಏಳರಲ್ಲಿ ಹಕ್ಕು, ಹನ್ನೆರಡರಲ್ಲಿ ಬೆಳೆ. ನಮ್ಮ ಧಾರವಾಡ, ಬೆಳಗಾವಿಯ ಕಡೆಯ ಹಿರಿಯರು ‘ಉತಾರ’ ಎನ್ನುವುದು ಇಂಥ ಕಾಗದಕ್ಕೇ. ಆದರೆ ಉತಾರದಲ್ಲಿ ಹೊಲ ಎಷ್ಟು ಎಂಬುದಿರುತ್ತದೆ. ಎಲ್ಲಿಂದ ಎಲ್ಲಿಗೆ ಎಂಬುದು ನೆಲದ ಮೇಲೆ ಗೊತ್ತಾಗಬೇಕಾದರೆ ಮೋಜಣಿಯೇ ಆಗಬೇಕು. ತಾಲೂಕಿನ ಭೂಮಿ ಅಭಿಲೇಖ ಕಚೇರಿಗೆ ಅರ್ಜಿ ಹಾಕಿ ಫೀ ಕಟ್ಟಿದರೆ ಅವರು ದಿನ ಗೊತ್ತುಮಾಡಿ, ಸುತ್ತಲಿನ ಹೊಲದವರಿಗೆಲ್ಲ ನೋಟೀಸು ಕಳಿಸಿ, ಅಳೆಯಲು ಬರುತ್ತಾರೆ.

ಈ ಅಳತೆಯ ಪದ್ಧತಿಗೆ ಪುಣೆ ಜಿಲ್ಲೆಯೇ ತವರು. 1835ರಲ್ಲಿ ಗೋಲ್ಡ್‌ಸ್ಮಿಡ್ ಎಂಬ ಮುಲ್ಕಿ ಅಧಿಕಾರಿಯೂ ವಿಂಗೇಟ್ ಎಂಬ ದಂಡಿನ ಎಂಜಿನಿಯರನೂ ಕೂಡಿ ಇದೇ ಜಿಲ್ಲೆಯ ಇಂದಾಪುರ ತಾಲೂಕಿನಲ್ಲಿ ಹೊಲಹೊಲವನ್ನೂ ಅಳೆದು, ಮಣ್ಣಿನ ತರಗತಿ ಮಾಡಿ, 30 ವರ್ಷಕ್ಕೆ ತೆರಿಗೆ ಗೊತ್ತುಮಾಡುವ ಕ್ರಮವನ್ನು ಆರಂಭಿಸಿದರು. 1840ರ ದಶಕದಲ್ಲಿ ಅದೇ ಕ್ರಮ ಧಾರವಾಡ, ಬೆಳಗಾವಿಯ ಸೀಮೆಗೂ ಬಂತು. ಅವರ ಸರಪಳಿಯ ಉದ್ದ 33 ಅಡಿ. ರೂಪಾಯಿಗೆ ಇದ್ದಂತೆ ಅದಕ್ಕೂ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ, ಅಂದರೆ 1,089 ಚದರ ಅಡಿ ಒಂದು ಗುಂಟೆ. 40 ಗುಂಟೆ ಒಂದು ಎಕರೆ. ಹಾವೇರಿಯ ಹೊಲವನ್ನೂ ಸಾಸವಡದ ಹೊಲವನ್ನೂ ಇಂದಿಗೂ ಒಂದೇ ಗುಂಟೆಯಲ್ಲಿ ಹೇಳುತ್ತೇವಲ್ಲ, ಅದರ ಹಿಂದೆ ಇರುವುದು ಆ ಸರಪಳಿಯೇ. ಮಾತಿನಲ್ಲಿಯೂ ಅದು ಉಳಿದಿದೆ. ತುಂಟ ಹುಡುಗನನ್ನು ‘ಹದ್ದುಬಸ್ತಿನಲ್ಲಿ ಇಡು’ ಎನ್ನುವಾಗ ನಾವು ಆಡುವುದು ಮೋಜಣಿಯ ಮಾತು.

ವೈಶಾಖದ ಒಂದು ಬೆಳಿಗ್ಗೆ ಮೋಜಣಿದಾರರು ಬಂದರು. ಸರಪಳಿ ಇರಲಿಲ್ಲ, ಕೋಲಿನ ತುದಿಗೆ ಅಣಬೆಯಂಥ ಒಂದು ಯಂತ್ರ. ರೋವರ್ ಎಂದು ಹೆಸರು. ಉಪಗ್ರಹಗಳ ಸಂಕೇತ ಹಿಡಿದು ತಾನು ನಿಂತ ಜಾಗವನ್ನು ಹೇಳುತ್ತದೆ. ಆಬಾ ತಲೆಗೆ ಟೊಪ್ಪಿಗೆ ಇಟ್ಟುಕೊಂಡು, ಮೊಮ್ಮಗನನ್ನು ಕರೆದುಕೊಂಡು ಬಂದು ಬೇವಿನ ನೆರಳಿನಲ್ಲಿ ನಿಂತರು. ನಾವು ಉಸಿರು ಬಿಗಿಹಿಡಿದು ನಿಂತೆವು.

ಎರಡು ತಾಸಿನಲ್ಲಿ ಮೂಲೆಗಳಿಗೆ ಗುರುತು ಬಿತ್ತು. ಆಬಾ ಒಂದು ಗೇಣೂ ಒತ್ತಿರಲಿಲ್ಲ. ಒತ್ತಿದ್ದವರು ನಾವು! ಮಾವನವರು ನೆಟ್ಟ ಮೂರು ಸೀತಾಫಲದ ಮರಗಳೂ ನಾಲ್ಕು ಅಡಿ ಆಚೆ, ಆಬಾರ ಹೊಲದಲ್ಲಿದ್ದವು. ಇಷ್ಟು ವರ್ಷ ಚೀಲ ತುಂಬಿಕೊಂಡು ಒಯ್ದದ್ದು ಅವರ ನೆಲದ ಹಣ್ಣು.

“ಆಬಾ, ನಿಮಗೆ ಗೊತ್ತಿತ್ತೇ?” ಎಂದು ಕೇಳಿದೆವು.

“ಗೊತ್ತಿರದೆ ಏನು? ನಿಮ್ಮ ಮಾವ ನೆಡುವಾಗ ನಾನೇ ಕುಣಿ ತೋಡಿಕೊಟ್ಟೆ. ನೆಲ ನಮ್ಮದು, ಸಸಿ ಅವರದು. ಹಣ್ಣು ಯಾರದು ಅಂತ ಈ ಸಾಹೇಬರ ಯಂತ್ರ ಹೇಳಿದರೆ ಕೇಳಿ ನೋಡ್ರಿ” ಎಂದರು.

ಮೋಜಣಿದಾರರು ನಕ್ಕರು. ನಮಗೆ ನಗು ಬರಲಿಲ್ಲ. ಅಂದೇ ಬೇಲಿಯ ಯೋಚನೆಯನ್ನು ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ನೌಕರರ ಪತ್ತಿನ ಸಂಘದಿಂದ ಸಾಲ ಮಂಜೂರಾಗಿ ಕೈಗೆ ಬಂದಿತ್ತು; ಕೈಗೆ ಬಂದ ಸಾಲಕ್ಕೆ ಕೆಲಸ ಬೇಕು. ಅಲ್ಲದೆ, “ಆಬಾ ಒಳ್ಳೆಯವರು, ಸರಿ. ನಾಳೆ ಅವರ ಮಕ್ಕಳು?” ಎಂಬ ಪ್ರಶ್ನೆಯನ್ನು ಕಚೇರಿಯ ಚಹಾದ ಮಂಡಲಿ ಮುಂದಿಟ್ಟಿತು.

ನವರಾತ್ರಿಯ ಹೊತ್ತಿಗೆ ಮಳೆ ಸರಿದು ನೆಲ ಇನ್ನೂ ಮೆತ್ತಗಿತ್ತು. ಕುಣಿ ತೋಡಲು ಅದೇ ಒಳ್ಳೆಯ ಕಾಲ. ನಮ್ಮ ಹೊಲ ಸುಮಾರು 110 ಅಡಿಗೆ 198 ಅಡಿ. ಸುತ್ತಳತೆ 616 ಅಡಿ. ಎಂಟು ಅಡಿಗೆ ಒಂದರಂತೆ 77 ಸಿಮೆಂಟಿನ ಕಂಬ. ನಾಲ್ಕು ಮೂಲೆಯ ಕಂಬಗಳಿಗೆ ಎರಡೆರಡು ಆನಿಕೆಯ ಕಂಬ. ಹೊಸಬರು ಮರೆಯುವುದು ಈ ಆನಿಕೆಯನ್ನೇ. ತಂತಿ ಬಿಗಿದಾಗ ಅದರ ಎಳೆತವೆಲ್ಲ ಮೂಲೆಯ ಮೇಲೆ ಬೀಳುತ್ತದೆ. ಆನಿಕೆ ಇಲ್ಲದಿದ್ದರೆ ಒಂದು ಮಳೆಗಾಲದಲ್ಲಿ ಮೂಲೆಯ ಕಂಬ ಒಳಕ್ಕೆ ಬಾಗಿ, ಬೇಲಿಯೆಲ್ಲ ಬಟ್ಟೆ ಒಣಗಿಸುವ ಹಗ್ಗದಂತೆ ಜೋಲುತ್ತದೆ. ಏಳು ಅಡಿಯ ಕಂಬಕ್ಕೆ ಎರಡು ಅಡಿ ನೆಲದೊಳಗೆ. ಬುಡಕ್ಕೆ ಕಾಂಕ್ರೀಟು ಹಾಕಿ, ಒಂದು ವಾರ ನೀರುಣಿಸಿ, ಅನಂತರವೇ ತಂತಿ ಎಳೆಯಬೇಕು. ತಂತಿಗೆ ಸತುವಿನ ಲೇಪ ಇರಲೇಬೇಕು. ನಾವು ಐದು ಸಾಲು ಎಳೆಸಿದೆವು. ಒಟ್ಟು ಮೂರು ಸಾವಿರ ಅಡಿಗೂ ಮೇಲೆ. ಸುಡುಬಿಸಿಲಿನಲ್ಲಿ ತೀರ ಬಿಗಿಯಬಾರದೆಂದು ಮೇಸ್ತ್ರಿ ಹೇಳಿದ. ಚಳಿಯ ರಾತ್ರಿ ಉಕ್ಕು ಕುಗ್ಗುತ್ತದೆ, ಆಗ ಕಂಬಕ್ಕೆ ಪೆಟ್ಟು.

ಈ ಮುಳ್ಳುತಂತಿ ನಮ್ಮ ಕಡೆಯದಲ್ಲ. ಅಮೆರಿಕದ ಇಲಿನಾಯ್ ಪ್ರಾಂತದ ಜೋಸೆಫ್ ಗ್ಲಿಡನ್ ಎಂಬ ರೈತ, ಮುಳ್ಳು ಜಾರದಂತೆ ಎರಡು ತಂತಿಗಳನ್ನು ಹೆಣೆಯುವ ಉಪಾಯಕ್ಕೆ 1874ರಲ್ಲಿ ಪೇಟೆಂಟು ಪಡೆದ. ಕಲ್ಲೂ ಮರವೂ ಕಡಿಮೆಯಿದ್ದ ಆ ದೇಶದ ಬಯಲುಗಳನ್ನು ಅದು ಬೇಗನೆ ಹಂಚಿಹಾಕಿತು. ದನಗಳನ್ನು ನೂರಾರು ಮೈಲಿ ಹೊಡೆದುಕೊಂಡು ಹೋಗುವ ಕಾಲ ಅಲ್ಲಿಗೆ ಮುಗಿಯುತ್ತ ಬಂತು. ಅದೇ ಕಾಲದಲ್ಲಿ ನಮ್ಮ ದೇಶದಲ್ಲಿಯೂ ಒಂದು ಬೇಲಿ ಇತ್ತು. ತೆರಿಗೆ ಕೊಡದ ಉಪ್ಪು ದಾಟಬಾರದೆಂದು ಬ್ರಿಟಿಷ್ ಸರಕಾರ ಕಾಯುತ್ತಿದ್ದ ಗಡಿಯ ಉದ್ದ 1869ರಲ್ಲಿ ಸುಮಾರು 2,300 ಮೈಲಿ, ಕಾವಲಿಗೆ ಸುಮಾರು 12,000 ಆಳು. ಅದರ ಬಹುಭಾಗದಲ್ಲಿ ಜಾಲಿ, ಕವಳಿ, ಕಳ್ಳಿಗಳ ಮುಳ್ಳುಬೇಲಿ. ಅದನ್ನು ಜೀವಂತ ಬೇಲಿಯಾಗಿ ಬೆಳೆಸಲು ಬಹಳ ದುಡಿದ ಅಧಿಕಾರಿ ಎ. ಓ. ಹ್ಯೂಮ್. ಮುಂದೆ ಕಾಂಗ್ರೆಸ್ಸಿನ ಸ್ಥಾಪಕರಲ್ಲಿ ಒಬ್ಬರಾದವರೂ ಅವರೇ. 1885ರ ಮೊದಲ ಅಧಿವೇಶನ ನಮ್ಮ ಪುಣೆಯಲ್ಲಿ ಆಗಬೇಕಾಗಿದ್ದು, ಕಾಲರಾದಿಂದ ಮುಂಬಯಿಗೆ ಹೋಯಿತು. ಉಪ್ಪಿನ ಬೇಲಿಯನ್ನಂತೂ 1879ರಲ್ಲಿಯೇ ಕೈಬಿಟ್ಟಿದ್ದರು. ಅಷ್ಟು ದೊಡ್ಡ ಸರಕಾರಕ್ಕೇ ಬೇಲಿ ಕಾಯುವುದು ಬೇಸರವಾಯಿತೆಂದರೆ ಗುಮಾಸ್ತೆಯ ಪಾಡೇನು?

ಆದರೆ ಈ ವಿವೇಕ ನಮಗೆ ಬಂದದ್ದು ಆಮೇಲೆ. ಬೇಲಿ ಮುಗಿದ ದಿನ ನಾವು ಸುತ್ತಲೂ ಒಂದು ಪ್ರದಕ್ಷಿಣೆ ಬಂದು, ಫೋಟೋ ತೆಗೆದು, ರಸ್ತೆಯ ಕಡೆಯ ಕಬ್ಬಿಣದ ಗೇಟಿಗೆ ಬೀಗ ಜಡಿದೆವು. ಆಬಾ ಆಚೆ ನಿಂತು ನೋಡುತ್ತಿದ್ದರು. “ಚಲೋ ಆಯ್ತು” ಎಂದರು. ಅಷ್ಟೇ. ಚಹಾಕ್ಕೆ ಕರೆಯಲಿಲ್ಲ. ಆ ಊರಿನಲ್ಲಿ ನಾವು ಚಹಾ ಕುಡಿಯದೆ ಬಸ್ಸು ಹತ್ತಿದ್ದು ಅದೇ ಮೊದಲು. ಯಾಕೆಂದು ನಮಗೆ ತಿಳಿಯಲಿಲ್ಲ, ಕೇಳಲೂ ಇಲ್ಲ.

ದೀಪಾವಳಿ ಕಳೆದ ಎರಡನೆಯ ವಾರ, ಶನಿವಾರ ರಾತ್ರಿ, ಆಬಾರ ಫೋನು ಬಂತು. “ಜಾವಯಿಬಾಪೂ, ನಾಳೆ ಬಂದು ಹೋಗ್ರಿ. ಮಗಳನ್ನೂ ಕರಕೊಂಡು ಬರ್ರಿ.” ಮಗಳು ಎಂದರೆ ನಮ್ಮ ಮನೆಯವರು.

ಹೋಗಿ ನೋಡಿದರೆ, ಬೇಲಿಯ ಮೂಲೆಯಲ್ಲಿ ತಂತಿಗೆ ಉಣ್ಣೆ ಸಿಕ್ಕಿಕೊಂಡಿತ್ತು. ಕೆಳಗೆ ರಕ್ತ ಒಣಗಿತ್ತು. ಆಬಾರ ಬಯಲಿನಲ್ಲಿ ಧನಗರರ ಬಿಡಾರ: ಕುದುರೆ, ನಾಯಿ, ಗೂಟ, ಇನ್ನೂರು ಕುರಿ. ಮಳೆಗಾಲವನ್ನು ಬಯಲುಸೀಮೆಯಲ್ಲಿ ಕಳೆದು ದೀಪಾವಳಿಯ ನಂತರ ಕೊಂಕಣಕ್ಕೆ ಇಳಿಯುವ ಕುರಿಗಾರರು ಅವರು. ದಾರಿಯಲ್ಲಿ ಕೇಳಿದವರ ಹೊಲಗಳಲ್ಲಿ ಕುರಿ ತರುಬುತ್ತಾರೆ. ಹಿಕ್ಕೆಯ ಗೊಬ್ಬರ ಹೊಲಕ್ಕೆ, ಕಾಳೋ ಹಣವೋ ಅವರಿಗೆ. ಆ ಮಂದೆ ಹಳ್ಳಕ್ಕೆ ನೀರಿಗೆ ಇಳಿಯುವ ದಾರಿ ನಮ್ಮ ಹೊಲದ ಒಂದು ಮೂಲೆಯನ್ನು ಹಾದುಹೋಗುತ್ತಿತ್ತು. ಆಬಾರ ಮನೆಯ ಹೆಂಗಸರು ಬಟ್ಟೆ ಒಗೆಯಲು ಹೋಗುವುದೂ ಅದೇ ದಾರಿಯಲ್ಲಿ. ನಾವು ಭಾನುವಾರ ಮಧ್ಯಾಹ್ನ ಬಂದು ಸಂಜೆ ಹೋಗುವವರು. ಅದನ್ನು ಎಂದೂ ಕಂಡಿರಲಿಲ್ಲ. ಮುಸ್ಸಂಜೆಯಲ್ಲಿ ಯಾವುದೋ ನಾಯಿ ಬೆನ್ನಟ್ಟಿದಾಗ, ಮುಂದಿನ ಕುರಿಗಳು ಪ್ರತಿವರ್ಷದ ದಾರಿ ಹಿಡಿದು ಓಡಿ ತಂತಿಗೆ ಬಿದ್ದಿದ್ದವು. ಕುರಿಗೆ ಉತಾರ ಓದಲು ಬರುವುದಿಲ್ಲ. ಒಂದು ಗಬ್ಬದ ಕುರಿಯ ಪಕ್ಕೆ ಹರಿದಿತ್ತು. ಧನಗರರ ಹೆಣ್ಣುಮಗಳು ಗಾಯಕ್ಕೆ ಅರಿಸಿನ ಮೆತ್ತಿ, ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಬೈಯುತ್ತಾರೆ, ಇಲ್ಲವೆ ಪರಿಹಾರ ಕೇಳುತ್ತಾರೆ ಎಂದುಕೊಂಡೆವು. ಯಾರೂ ಏನೂ ಕೇಳಲಿಲ್ಲ. ನಮ್ಮ ಮಗಳು ಮಾತ್ರ ಕುರಿಯ ಹತ್ತಿರ ಕೂತು, “ಅವ್ವಾ, ಇದು ಸಾಯ್ತದೇನು?” ಎಂದು ಅಳುದನಿಯಲ್ಲಿ ಕೇಳಿದಳು.

ಆ ಮುದುಕ ಕುರಿಗಾರ ತಲೆಯೆತ್ತಿ, “ಕಾನಡಿ ಏನು ನೀವು?” ಎಂದ.

ಹೌದೆಂದೆವು. “ಹಾಗಾದರೆ ಖಂಡೋಬಾನ ಕಡೆಯವರೇ” ಎಂದು ಜೇಜುರಿಯ ದಿಕ್ಕಿಗೆ ಕೈ ಮುಗಿದು, “ಯೇಳಕೋಟ ಯೇಳಕೋಟ” ಎಂದ. ನಮ್ಮ ಮಗಳು ಕಣ್ಣೊರೆಸಿಕೊಂಡು, “ಏಳು ಕೋಟಿ ಅಂದ್ರ ಸೆವೆನ್ ಕ್ರೋರ್ ಅಲ್ಲೇನು?” ಎಂದಳು. ಮರಾಠಿಯ ಬಾಯಲ್ಲಿ ಆ ಘೋಷ ಎಷ್ಟೇ ತಿರುಗಿದ್ದರೂ ಅದು ನಮ್ಮ ಮೈಲಾರನ ಪರಿಷೆಯಲ್ಲಿ ಕೂಗುವ ಏಳು ಕೋಟಿಯೇ. ಖಂಡೋಬಾ ಎಂದರೆ ನಮ್ಮ ಮೈಲಾರಲಿಂಗ. ಇವರ ಬಿರೋಬಾ ನಮ್ಮ ಬೀರಪ್ಪ. ಈ ಸೀಮೆಯ ಕಥೆಯಲ್ಲಿ ಖಂಡೋಬಾನಿಗೆ ಇಬ್ಬರು ಮಡದಿಯರು: ಮ್ಹಾಳಸಾ ಲಿಂಗಾಯತ ವಾಣಿಗರ ಮಗಳು, ಬಾಣಾಯಿ ಧನಗರರ ಮಗಳು. ಸವತಿಯರ ಜಗಳ ತಾಳಲಾರದೆ ದೇವರು ಒಬ್ಬಳನ್ನು ಬೆಟ್ಟದ ಮೇಲೆ ತನ್ನ ಜೊತೆಗೂ ಇನ್ನೊಬ್ಬಳನ್ನು ಅರ್ಧ ಬೆಟ್ಟದಲ್ಲಿಯೂ ಇಟ್ಟನಂತೆ. ಜೇಜುರಿಯ ಮೆಟ್ಟಿಲು ಹತ್ತಿದವರು ಬಾಣಾಯಿಯ ಗುಡಿಯನ್ನು ನಡುವೆ ನೋಡಿಯೇ ಇರುತ್ತಾರೆ.

ನಮ್ಮ ಮನೆಯವರು ಯಾರ ಮಗಳೆಂದು ಆಬಾ ಹೇಳಿದರು. ಕುರಿ ಹಿಡಿದಿದ್ದ ಹೆಣ್ಣುಮಗಳು ಅವರನ್ನು ಮೇಲಿಂದ ಕೆಳಗೆ ನೋಡಿ, “ಹಾಗಾದರ ನೀ ಮ್ಹಾಳಸಾ, ನಾ ಬಾಣಾಯಿ. ದೇವರು ಕೂಡ ನಡುವೆ ಮೆಟ್ಟಿಲು ಇಟ್ಟಾನ ಅಕ್ಕಾ, ತಂತಿ ಕಟ್ಟಿಲ್ಲ” ಎಂದಳು. ಗದರಿಸುವಂತೆ ಹೇಳಲಿಲ್ಲ, ತಮಾಷೆಗೇ ಹೇಳಿದಳು. ಕುರಿಯ ತಲೆ ಮಾತ್ರ ಅವಳ ತೊಡೆಯ ಮೇಲೆಯೇ ಇತ್ತು.

“ಆಬಾ, ದಾರಿ ಇದೆ ಅಂತ ಕಂಬ ಹೂಳುವಾಗಲೇ ಯಾಕೆ ಹೇಳಲಿಲ್ಲ?” ಎಂದೆವು.

“ನೀವು ಮೋಜಣಿ ಮಾಡಿಸಿದಿರಿ. ಕಾಗದದ ಮೇಲೆ ಬಂದದ್ದು ಬಂತು. ನಾನು ದಾರಿ ಅಂದಿದ್ದರೆ, ಮುದುಕ ಜಾಗಕ್ಕೆ ಆಸೆಪಟ್ಟ ಅಂತಿದ್ದಿರಿ” ಎಂದರು.

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಹಾಗೆಯೇ ಅಂದುಕೊಳ್ಳುತ್ತಿದ್ದೆವು.

ಪುಣೆಗೆ ಬಂದ ಮೇಲೆ ನಮ್ಮಲ್ಲಿಯ ಗುಮಾಸ್ತೆ ಕಾಯಿದೆಯ ಪುಸ್ತಕ ತೆಗೆದು ಕೂತರು. ಹೊಲದ ಗಡಿಗಳ ಮೇಲಿನ ದಾರಿಯ ವಿಷಯ 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆಯ 143ನೆಯ ಕಲಮಿನಲ್ಲಿದೆ. ರೂಢಿಯ ದಾರಿಗೆ ಅಡ್ಡಿಯಾದರೆ 1906ರ ಮಾಮಲೇದಾರರ ನ್ಯಾಯಾಲಯದ ಕಾಯಿದೆಯಂತೆ ತಹಸೀಲ್ದಾರರ ಮುಂದೆ ಹೋಗಬಹುದು. 1882ರ ಅನುಭೋಗದ ಕಾಯಿದೆಯಂತೂ 20 ವರ್ಷ ತಡೆಯಿಲ್ಲದೆ ಹಕ್ಕಿನಿಂದ ನಡೆದ ದಾರಿಯನ್ನು ಹಕ್ಕೆಂದೇ ಎಣಿಸುತ್ತದೆ. ಆಬಾ ಒಂದು ಅರ್ಜಿ ಕೊಟ್ಟಿದ್ದರೆ ನಾವು ತಾಲೂಕು ಕಚೇರಿಯ ಬೆಂಚಿನ ಮೇಲೆ ಕೂರಬೇಕಾಗಿತ್ತು. ಅವರು ಅರ್ಜಿ ಕೊಡಲಿಲ್ಲ, ಫೋನು ಮಾಡಿದರು.

ಮರುವಾರ ಮೇಸ್ತ್ರಿಯನ್ನು ಮತ್ತೆ ಕರೆಸಿದೆವು. ಬಿಗಿದ ತಂತಿಯನ್ನು ಸುಮ್ಮನೆ ಕತ್ತರಿಸಬಾರದು, ಬೇಲಿಯೆಲ್ಲ ಸಡಿಲವಾಗುತ್ತದೆ. ಮೊದಲು ಎರಡೂ ಪಕ್ಕದ ಕಂಬಗಳಿಗೆ ಆನಿಕೆ ಕೊಟ್ಟು, ತಂತಿಯನ್ನು ಅವಕ್ಕೆ ಸುತ್ತಿ ಬಿಗಿದು, ಕೊನೆಗೆ ಕತ್ತರಿ. ದಾರಿ ಒಳಗೆ ಬರುವಲ್ಲಿ ಒಂದು, ಹೊರಗೆ ಹೋಗುವಲ್ಲಿ ಒಂದು, ಹೀಗೆ ಎರಡು ಕಡೆ ಕಂಬ ತೆಗೆಸಿ ಬಿದಿರಿನ ಗಳುಗಳನ್ನು ಅಡ್ಡ ಇರಿಸಿದೆವು. ಮಲೆನಾಡಿನವರು ಉಣುಗೋಲು ಎನ್ನುತ್ತಾರಲ್ಲ, ಅಂಥದು. ಜನ ಸರಿಸಿ ಹೋಗಬಹುದು, ಬಿಡಾಡಿ ದನ ನುಗ್ಗುವುದಿಲ್ಲ. ಎಲ್ಲಕ್ಕೂ ಕೆಳಗಿನ ಸಾಲಿನ ಮುಳ್ಳುತಂತಿಯನ್ನು ಬಿಚ್ಚಿಸಿ ಬರಿಯ ತಂತಿ ಕಟ್ಟಿಸಿದೆವು. ಈ ಮಳೆಗಾಲದಲ್ಲಿ ಬೇಲಿಯ ಉದ್ದಕ್ಕೂ ಕವಳಿಯ ಸಸಿ ನೆಟ್ಟಿದ್ದೇವೆ. ಅದು ಬೆಳೆದರೆ ಬೇಲಿಯೂ ಆದೀತು, ಹಣ್ಣೂ ಆದೀತು.

ಕುರಿ ಬದುಕಿತು. ಕೊಂಕಣಕ್ಕೆ ಹೊರಡುವ ಮುಂಚೆ ಆ ಕುರಿಗಾರರು ಎರಡು ರಾತ್ರಿ ನಮ್ಮ ಹೊಲದಲ್ಲಿ ಕುರಿ ತರುಬಿದರು. ಹಣ ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಐದು ಕಿಲೋ ಅಕ್ಕಿ, ಒಂದು ಪೊಟ್ಟಣ ಚಹಾಪುಡಿ ತೆಗೆದುಕೊಂಡರು.

ಊರಲ್ಲಿ ಹೊಲವಿರುವ ಬಾಂಧವರಿಗೆ ನಮ್ಮ ಅನುಭವದ ಮಾತು ಇಷ್ಟು. ಬೇಲಿ ಬೇಡವೆಂದು ನಾವು ಹೇಳುವುದಿಲ್ಲ; ದೂರದಲ್ಲಿದ್ದವರಿಗೆ ಅದು ಬೇಕೇ ಬೇಕು. ಮೊದಲು ಉತಾರ, ಆಮೇಲೆ ಮೋಜಣಿ, ಮೋಜಣಿಯ ‘ಕ’ ಪ್ರತಿಯನ್ನು ಜೋಪಾನವಾಗಿ ಇಡಿರಿ. ಆದರೆ ಕಂಬ ತರುವ ಮುಂಚೆ ಒಂದು ಬೆಳಿಗ್ಗೆ, ಒಂದು ಸಂಜೆ ಹೊಲದಲ್ಲಿಯೇ ಕೂತು, ಯಾರು ಎಲ್ಲಿಂದ ಎಲ್ಲಿಗೆ ನಡೆಯುತ್ತಾರೆಂದು ನೋಡಿರಿ. ಹತ್ತಿದ ಹೊಲದವರನ್ನು ಬಾಯಿಬಿಟ್ಟು ಕೇಳಿರಿ. ಹದ್ದು ನಕ್ಷೆಯಲ್ಲಿ ಸಿಗುತ್ತದೆ. ದಾರಿ ಹಲವು ಸಲ ಸಿಗುವುದಿಲ್ಲ.

ಮೊನ್ನೆ ಸಂಘದ ಸಾಲದ ಕಂತು ಕಟ್ಟುವಾಗ ಬೇಲಿಯ ಖರ್ಚಿನ ಪಟ್ಟಿಯನ್ನು ಮತ್ತೊಮ್ಮೆ ಬರೆದೆವು. ಕಂಬ, ತಂತಿ, ಸಿಮೆಂಟು, ಕೂಲಿ, ಮೋಜಣಿಯ ಫೀ. ಕೊನೆಗೆ, ಬಿದಿರಿನ ಉಣುಗೋಲು ಎರಡು. ಬೀಗ, ಇಲ್ಲ. ಅದರ ಕೆಳಗೆ ನಮ್ಮ ಮಗಳು ಪೆನ್ಸಿಲಿನಿಂದ ಇನ್ನೊಂದು ಬಾಬು ಸೇರಿಸಿದ್ದಳು: ಆಬಾ ಅಜ್ಜ ಕಳಿಸಿದ ಸೀತಾಫಲ, ಒಂದು ಬುಟ್ಟಿ.